‘ಮಾನ್‌ಸ್ಟರ್’ ಓದಲು ಹೊರಟವರಿಗೆ: ಕತ್ತಲಿನ ಮಾಂಗಾಗೆ ಒಂದು ದಾರಿ

ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದ ಒಂದು ಆಸ್ಪತ್ರೆ. ವರ್ಷ 1986. ಒಬ್ಬ ಟರ್ಕಿ ಹೆಂಗಸು ಡಾಕ್ಟರನ್ನು ತಡೆದು ನಿಲ್ಲಿಸುತ್ತಾಳೆ. ಅವಳ ಗಂಡ ಕೂಲಿ ಮಾಡಿ ಬದುಕುತ್ತಿದ್ದವನು. ಆಸ್ಪತ್ರೆಗೆ ಮೊದಲು ಬಂದವನು ಅವನೇ. ಆದರೆ ಆಮೇಲೆ ಬಂದ ಒಬ್ಬ ಹೆಸರಾಂತ ಗಾಯಕನಿಗೆ ಮೊದಲು ಆಪರೇಷನ್ ಮಾಡಿ ಅಂತ ಮೇಲಿನವರು ಡಾಕ್ಟರಿಗೆ ಹೇಳಿದರು. ಗಾಯಕ ಉಳಿದ. ಕೂಲಿಯವನು ಬೇರೆ ಡಾಕ್ಟರ ಕೈಗೆ ಹೋದ, ಸತ್ತ. ನನ್ನ ಗಂಡನನ್ನು ವಾಪಸ್ ಕೊಡಿ ಅಂತ ಆ ಹೆಂಗಸು ಅಳುತ್ತಾಳೆ. ಪಕ್ಕದಲ್ಲಿ ಅವಳ ಪುಟ್ಟ ಮಗು.

ನಾವೊಕಿ ಉರಸಾವಾ ಬರೆದು ಚಿತ್ರಿಸಿದ ‘ಮಾನ್‌ಸ್ಟರ್’ ಅನ್ನುವ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಶುರುವಾಗುವುದು ಹೀಗೆ. ಆ ಡಾಕ್ಟರ್ ಕೆಂಜೊ ಟೆನ್ಮಾ, ಜಪಾನಿನಿಂದ ಬಂದ ಮೆದುಳಿನ ಸರ್ಜನ್. ಸ್ವಲ್ಪ ದಿನಕ್ಕೆ ಅದೇ ಪರಿಸ್ಥಿತಿ ಮತ್ತೆ ಬರುತ್ತದೆ. ತಲೆಗೆ ಗುಂಡೇಟು ಬಿದ್ದ ಒಬ್ಬ ಹುಡುಗ ಮೊದಲು ಬರುತ್ತಾನೆ, ಆಮೇಲೆ ನಗರದ ಮೇಯರ್. ಈ ಸಲ ಟೆನ್ಮಾ ಮೇಲಿನವರ ಮಾತು ಕೇಳುವುದಿಲ್ಲ. ಹುಡುಗನನ್ನು ಉಳಿಸುತ್ತಾನೆ. ಮೇಯರ್ ಸಾಯುತ್ತಾನೆ. ಒಂಬತ್ತು ವರ್ಷದ ನಂತರ, ತಾನು ಉಳಿಸಿದ ಹುಡುಗ ಎಂಥವನಾಗಿ ಬೆಳೆದಿದ್ದಾನೆ ಅನ್ನುವುದು ಅವನಿಗೆ ಕಣ್ಣೆದುರೇ ಗೊತ್ತಾಗುತ್ತದೆ.

ಇಷ್ಟು ಹೇಳಿದ್ದರಿಂದ ನಿಮ್ಮ ಓದು ಕೆಡುವುದಿಲ್ಲ. ಇದೆಲ್ಲ ಶುರುವಿನ ಅಧ್ಯಾಯಗಳಲ್ಲೇ ಮುಗಿದುಹೋಗುತ್ತದೆ. ಒಟ್ಟು ಅಧ್ಯಾಯಗಳು 162. ಇದುವರೆಗೆ ಒಂದೂ ಮಾಂಗಾ ಓದದವರು, ಪತ್ತೇದಾರಿ ಕಾದಂಬರಿ ಓದಿ ಗೊತ್ತಿರುವವರು, ಇದನ್ನು ಹೇಗೆ ಶುರುಮಾಡಬೇಕು, ಎಲ್ಲಿ ನಿಧಾನಿಸಬೇಕು, ಎಲ್ಲಿ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಬರಬೇಕು ಅಂತ ಹೇಳುವುದಕ್ಕೇ ಈ ಲೇಖನ. ನಾನು ಇದನ್ನು ಮೊದಲ ಸಲ ತಪ್ಪಾಗಿ ಓದಿದೆ. ಎರಡನೇ ಸಲ ಸರಿಯಾಗಿ ಓದಿದಾಗ, ಎಷ್ಟು ಕಳೆದುಕೊಂಡಿದ್ದೆ ಅಂತ ಗೊತ್ತಾಯಿತು. ನೀವು ಮೊದಲ ಸಲವೇ ಸರಿಯಾಗಿ ಓದಲಿ ಅಂತ ನನ್ನ ಆಸೆ.

1. ಯಾವ ಪುಸ್ತಕ ಕೊಳ್ಳಬೇಕು

ಕನ್ನಡದಲ್ಲಿ ಇದು ಬಂದಿಲ್ಲ. ನಮಗೆ ಸಿಗುವುದು ಇಂಗ್ಲಿಷ್ ಅನುವಾದ, ವಿಝ್ ಮೀಡಿಯಾ ಪ್ರಕಟಿಸಿದ್ದು. ಅದರಲ್ಲಿ ಎರಡು ರೂಪಗಳಿವೆ. ಹಳೆಯದು 18 ಸಣ್ಣ ಸಂಪುಟಗಳದ್ದು. ಹೊಸದರ ಹೆಸರು ‘ಪರ್ಫೆಕ್ಟ್ ಎಡಿಷನ್’, 9 ದಪ್ಪ ಸಂಪುಟಗಳು, ಒಂದೊಂದರಲ್ಲೂ ಹಳೆಯ ಎರಡೆರಡು ಸೇರಿವೆ. ಹೊಸದನ್ನೇ ತೆಗೆದುಕೊಳ್ಳಿ. ಪುಟ ದೊಡ್ಡದು, ಚಿತ್ರ ಚೆನ್ನಾಗಿ ಕಾಣುತ್ತದೆ.

ಒಂಬತ್ತನ್ನೂ ಒಟ್ಟಿಗೆ ಕೊಳ್ಳಬೇಡಿ. ಮೊದಲನೆಯದನ್ನು ಮಾತ್ರ ತನ್ನಿ. ಅದು ನಿಮಗೆ ಹಿಡಿಸದಿದ್ದರೆ ಉಳಿದದ್ದೂ ಹಿಡಿಸುವುದಿಲ್ಲ. ಹಿಡಿಸಿದರೆ ಇಬ್ಬರು ಮೂವರು ಗೆಳೆಯರು ಸೇರಿ ಹಂಚಿಕೊಂಡು ಕೊಳ್ಳಿ, ಖರ್ಚೂ ಕಡಿಮೆ, ಮಾತಾಡಲು ಜನರೂ ಸಿಗುತ್ತಾರೆ. ಬೆಂಗಳೂರಿನಲ್ಲಿರುವವರು ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಒಮ್ಮೆ ವಿಚಾರಿಸಿ.

ಕದ್ದು ಸ್ಕ್ಯಾನ್ ಮಾಡಿ ಹಾಕಿದ ಪುಟಗಳನ್ನು ಫೋನಿನಲ್ಲಿ ಓದಬೇಡಿ. ಅದು ಬರೆದವರಿಗೆ ಮಾಡುವ ಅನ್ಯಾಯ. ಅದರ ಜೊತೆಗೆ ಓದಿಗೂ ನಷ್ಟ. ಎರಡು ಪುಟ ಸೇರಿ ಒಂದೇ ಚಿತ್ರವಾಗಿರುವ ಕಡೆ ಫೋನಿನ ತೆರೆಯಲ್ಲಿ ಅದು ಮಧ್ಯಕ್ಕೆ ಸೀಳಿಹೋಗುತ್ತದೆ. ಉರಸಾವಾ ಪುಟ ತಿರುಗಿಸುವ ಕ್ಷಣವನ್ನು ಲೆಕ್ಕ ಹಾಕಿ ಬಳಸುತ್ತಾರೆ. ಒಬ್ಬ ಬಾಗಿಲ ಹಿಡಿಕೆಗೆ ಕೈ ಹಾಕುತ್ತಾನೆ, ಪುಟ ಮುಗಿಯುತ್ತದೆ. ಒಳಗೆ ಏನಿದೆ ಅಂತ ನೋಡಬೇಕಾದರೆ ನೀವೇ ಪುಟ ತಿರುಗಿಸಬೇಕು. ಆ ಒಂದು ಸೆಕೆಂಡಿನ ಹಿಂಜರಿಕೆ ಕಾಗದದ ಪುಸ್ತಕದಲ್ಲೇ ಸಿಗಬೇಕು.

2. ಬಲದಿಂದ ಎಡಕ್ಕೆ ಕಣ್ಣು ಪಳಗಿಸಿ

ಪುಸ್ತಕವನ್ನು ನಮ್ಮ ಪುಸ್ತಕಗಳ ಹಿಂಬದಿಯಿಂದ ತೆರೆಯಬೇಕು. ಪ್ರತಿ ಪುಟವನ್ನೂ ಬಲ ಮೇಲ್ತುದಿಯಿಂದ ಶುರುಮಾಡಿ ಎಡ ಕೆಳತುದಿಗೆ ಮುಗಿಸಬೇಕು. ಚಿತ್ರದ ಒಂದು ಚೌಕದೊಳಗೂ ಅಷ್ಟೇ, ಬಲಗಡೆಯ ಮಾತಿನ ಗುಳ್ಳೆ ಮೊದಲು, ಎಡಗಡೆಯದು ಆಮೇಲೆ. ಗುಳ್ಳೆಯ ಒಳಗಿನ ಇಂಗ್ಲಿಷ್ ಸಾಲು ಮಾತ್ರ ಎಂದಿನಂತೆ ಎಡದಿಂದ ಬಲಕ್ಕೆ.

ಕೇಳಲು ಸುಲಭ, ಆದರೆ ಮೊದಲ ಅರ್ಧ ಗಂಟೆ ಕಣ್ಣು ಹಠ ಮಾಡುತ್ತದೆ. ನಾನು ಮೊದಲ ದಿನ ಪ್ರಶ್ನೆಗಿಂತ ಮುಂಚೆ ಉತ್ತರ ಓದಿದ್ದೆ. ಒಬ್ಬ ಹೇಳಿದ ಮಾತನ್ನು ಇನ್ನೊಬ್ಬ ಹೇಳಿದ ಅಂದುಕೊಂಡಿದ್ದೆ. ಗುಟ್ಟಿನ ಕತೆಯಲ್ಲಿ ಅದು ಸಣ್ಣ ತಪ್ಪಲ್ಲ. ಅದಕ್ಕೆ ಒಂದು ಉಪಾಯ ಇದೆ. ಮೊದಲ ಅಧ್ಯಾಯವನ್ನು ಎರಡು ಸಲ ಓದಿ. ಮೊದಲ ಸಲ ಬರೀ ದಾರಿ ರೂಢಿಯಾಗಲಿ, ಬೆರಳಿಟ್ಟುಕೊಂಡು ಓದಿದರೂ ಪರವಾಗಿಲ್ಲ. ಎರಡನೇ ಸಲ ಕತೆಗಾಗಿ ಓದಿ. ಮೂರನೇ ಅಧ್ಯಾಯದ ಹೊತ್ತಿಗೆ ನೀವು ಬಲದಿಂದ ಓದುತ್ತಿದ್ದೀರಿ ಅನ್ನುವುದೇ ಮರೆತುಹೋಗಿರುತ್ತದೆ.

ಇನ್ನೊಂದು ಗುರುತು ನೆನಪಿಡಿ. ಚೌಕಗಳ ನಡುವಿನ ಸಂದು ಸಾಮಾನ್ಯವಾಗಿ ಬೆಳ್ಳಗಿರುತ್ತದೆ. ಮಾಂಗಾಗಳಲ್ಲಿ ಆ ಸಂದು ಕಪ್ಪಾಗಿದ್ದರೆ ಹೆಚ್ಚಾಗಿ ಅದು ಹಿಂದೆ ನಡೆದದ್ದು, ಯಾರದೋ ನೆನಪು. ಈ ಕತೆಯಲ್ಲಿ ನೆನಪುಗಳದ್ದೇ ದೊಡ್ಡ ಪಾತ್ರ.

3. ಜರ್ಮನಿಯ ಬಗ್ಗೆ ಸ್ವಲ್ಪ ತಿಳಿದುಕೊಂಡು ಹೋಗಿ

ಜಪಾನಿನ ಕತೆ ಅಂದುಕೊಂಡು ತೆರೆದರೆ ಪುಸ್ತಕದ ತುಂಬ ಜರ್ಮನಿ, ಆಮೇಲೆ ಚೆಕ್ ದೇಶ. ಈ ಹಿನ್ನೆಲೆ ಗೊತ್ತಿಲ್ಲದೆ ಓದಿದ್ದೇ ನನ್ನ ಮೊದಲ ಓದಿನ ದೊಡ್ಡ ತಪ್ಪು. ಕೊಲೆಗಳನ್ನು ಮಾತ್ರ ನೋಡಿದೆ. ಅವುಗಳ ಹಿಂದೆ ನಿಂತಿದ್ದ ದೇಶ ಕಾಣಲಿಲ್ಲ.

ಎರಡನೇ ಮಹಾಯುದ್ಧದ ನಂತರ ಜರ್ಮನಿ ಎರಡಾಯಿತು. ಪಶ್ಚಿಮದ ಕಡೆ ಅಮೆರಿಕ ಮತ್ತು ಅದರ ಜೊತೆಯವರು, ಪೂರ್ವದ ಕಡೆ ಸೋವಿಯತ್ ಒಕ್ಕೂಟದ ನೆರಳು. ಕತೆ ಶುರುವಾಗುವ 1986ರಲ್ಲಿ ಬರ್ಲಿನ್ ಗೋಡೆ ಇನ್ನೂ ನಿಂತಿತ್ತು. ಪೂರ್ವದಿಂದ ತಪ್ಪಿಸಿಕೊಂಡು ಬರುವುದು ಅಂದರೆ ಪ್ರಾಣದ ಜೊತೆ ಆಟ. 1989ರ ನವೆಂಬರ್ 9ರಂದು ಗೋಡೆ ತೆರೆಯಿತು, 1990ರ ಅಕ್ಟೋಬರ್ 3ರಂದು ಎರಡೂ ಜರ್ಮನಿ ಒಂದಾದವು. ಕತೆ 1986ರಿಂದ ಒಂಬತ್ತು ವರ್ಷ ಮುಂದಕ್ಕೆ ಜಿಗಿಯುವಾಗ ಈ ಎಲ್ಲವನ್ನೂ ದಾಟಿಕೊಂಡು ಹೋಗುತ್ತದೆ. ಪಾತ್ರಗಳು ಅದರ ಬಗ್ಗೆ ಭಾಷಣ ಮಾಡುವುದಿಲ್ಲ. ಆದರೆ ಒಂದು ದೇಶವೇ ಇಲ್ಲವಾದ ಮೇಲೆ ಅದರ ಕಡತಗಳು, ಅದರ ಗೂಢಚಾರರು, ಅದರ ಅನಾಥಾಶ್ರಮಗಳು ಏನಾದವು? ಕತೆಯ ಬೇರು ಇರುವುದೇ ಆ ಪ್ರಶ್ನೆಯಲ್ಲಿ. ‘ಕಿಂಡರ್‌ಹೈಮ್’ ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ. ಜರ್ಮನ್ ಭಾಷೆಯಲ್ಲಿ ಅದರ ಅರ್ಥ ಮಕ್ಕಳ ಮನೆ.

ಚೆಕ್ ದೇಶದ ಮಾತೂ ಹಾಗೆಯೇ. 1989ರ ಕೊನೆಯಲ್ಲಿ ಚೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಆಡಳಿತ ಬಿದ್ದಿತು. 1993ರ ಜನವರಿ 1ಕ್ಕೆ ಆ ದೇಶ ಚೆಕ್ ಮತ್ತು ಸ್ಲೊವಾಕಿಯಾ ಅಂತ ಎರಡಾಯಿತು. ಕತೆ ಪ್ರಾಗ್ ನಗರಕ್ಕೆ ಹೋದಾಗ ಹಳೆಯ ರಹಸ್ಯ ಪೊಲೀಸರ ಮಾತು ಬರುತ್ತದಲ್ವಾ, ಅವರು ಆ ಆಡಳಿತದ ಕಾಲದವರು.

ಮೊದಲ ಅಧ್ಯಾಯದ ಟರ್ಕಿ ಹೆಂಗಸನ್ನು ನೆನಪಿಸಿಕೊಳ್ಳಿ. ಪಶ್ಚಿಮ ಜರ್ಮನಿ 1961ರಲ್ಲಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿಂದ ಕೆಲಸಗಾರರನ್ನು ಕರೆಸಿಕೊಂಡಿತು. ಕಾರ್ಖಾನೆ, ಗಣಿ, ಕಟ್ಟಡ ಕೆಲಸಕ್ಕೆ ಬಂದವರು ಅಲ್ಲೇ ನೆಲೆಸಿದರು, ಮಕ್ಕಳು ಅಲ್ಲೇ ಹುಟ್ಟಿದರು. ದೇಶ ಒಂದಾದ ಮೇಲೆ ಹೊರಗಿನವರ ಮೇಲೆ ದ್ವೇಷ ಹೊತ್ತಿ ಉರಿಯಿತು. 1992ರ ನವೆಂಬರಿನಲ್ಲಿ ಮೊಲ್ನ್ ಊರಿನಲ್ಲಿ ಟರ್ಕಿ ಕುಟುಂಬಗಳ ಮನೆಗಳಿಗೆ ಬೆಂಕಿ ಇಟ್ಟರು, ಮೂವರು ಸತ್ತರು. 1993ರ ಮೇ 29ರಂದು ಸೊಲಿಂಗೆನ್ ಊರಿನಲ್ಲಿ ಮತ್ತೆ ಬೆಂಕಿ, ಐದು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಸೊಲಿಂಗೆನ್ ಇರುವುದು ಡ್ಯುಸೆಲ್‌ಡಾರ್ಫಿನ ಹತ್ತಿರವೇ. ಉರಸಾವಾ ಈ ಕತೆ ಶುರುಮಾಡಿದ್ದು 1994ರ ಡಿಸೆಂಬರಿನಲ್ಲಿ. ಎರಡನೇ ದಪ್ಪ ಸಂಪುಟದಲ್ಲಿ ಫ್ರಾಂಕ್‌ಫರ್ಟ್ ನಗರದ ಟರ್ಕಿ ಬೀದಿಗಳಿಗೆ ಕತೆ ಬಂದಾಗ ಈ ಎರಡು ಊರುಗಳ ಹೆಸರು ನಿಮ್ಮ ತಲೆಯಲ್ಲಿರಲಿ. ಆ ಪುಟಗಳಲ್ಲಿರುವ ಭಯ ಬರೀ ಕಲ್ಪನೆಯದ್ದಲ್ಲ.

4. ಹೆಸರುಗಳಿಗೆ ಒಂದು ನೋಟ್‌ಬುಕ್

ಪಾತ್ರಗಳು ತುಂಬಾ ಜಾಸ್ತಿ. ಹೆಸರುಗಳೆಲ್ಲ ಜರ್ಮನ್ ಅಥವಾ ಚೆಕ್. ಎರಡನೇ ಸಂಪುಟದಲ್ಲಿ ಎರಡು ಪುಟ ಬಂದು ಹೋದವನು ಆಮೇಲೆ ಎಲ್ಲೋ ಮತ್ತೆ ಎದುರಾಗುತ್ತಾನೆ. ಅವನು ಯಾರು ಅಂತ ಮರೆತಿದ್ದರೆ ಆ ಭೇಟಿಯ ಬಿಸಿ ನಿಮಗೆ ತಟ್ಟುವುದಿಲ್ಲ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಹೊಸ ಹೆಸರು ಬಂದ ಕೂಡಲೇ ಬರೆಯಿರಿ: ಹೆಸರು, ಊರು, ಟೆನ್ಮಾನ ಜೊತೆ ಏನು ಸಂಬಂಧ. ಮೂರೇ ಮೂರು ವಿಷಯ. ಕನ್ನಡದಲ್ಲೇ ಬರೆದುಕೊಳ್ಳಿ, ಹೆಸರು ಬಾಯಲ್ಲಿ ಉಳಿಯುತ್ತದೆ. ಜರ್ಮನ್ ಹೆಸರಿನ ಮೊದಲಲ್ಲಿ ಬರುವ ‘ಜೆ’ ಅಕ್ಷರವನ್ನು ‘ಯ’ ಅಂತ ಹೇಳುತ್ತಾರೆ. ಹಾಗಾಗಿ ಟೆನ್ಮಾ ಉಳಿಸಿದ ಆ ಹುಡುಗ ಜೋಹಾನ್ ಅಲ್ಲ, ಯೋಹಾನ್. ಇಷ್ಟು ಸರಿಪಡಿಸಿಕೊಂಡರೂ ಸಾಕು, ಹೆಸರುಗಳು ಹತ್ತಿರವಾಗುತ್ತವೆ.

ಕತೆಯಲ್ಲಿ ಲುಂಗೆ ಅನ್ನುವ ಒಬ್ಬ ಪೊಲೀಸ್ ಅಧಿಕಾರಿ ಇದ್ದಾನೆ. ಅವನು ಯಾರ ಜೊತೆ ಮಾತಾಡಿದರೂ ಗಾಳಿಯಲ್ಲಿ ಬೆರಳು ಆಡಿಸುತ್ತಾನೆ, ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಹಾಗೆ. ಕೇಳಿದ್ದೆಲ್ಲ ಹಾಗೆ ತಲೆಯಲ್ಲಿ ಕೂರುತ್ತದೆ ಅವನಿಗೆ. ಅವನ ಬೆರಳುಗಳ ಮೇಲೆ ಕಣ್ಣಿಡಿ. ಅವನು ಎಷ್ಟು ದೊಡ್ಡ ಪತ್ತೇದಾರ ಅನ್ನುವುದಕ್ಕಿಂತ, ಎಲ್ಲವನ್ನೂ ನೆನಪಿಟ್ಟುಕೊಂಡವನು ತನ್ನ ಮನೆಯವರ ವಿಷಯದಲ್ಲಿ ಏನನ್ನು ಮರೆತ ಅನ್ನುವುದು ನನ್ನನ್ನು ಜಾಸ್ತಿ ಕಾಡಿತು.

5. ಮೊದಲ ಸಂಪುಟ ಒಂದೇ ಸಲಕ್ಕೆ, ಆಮೇಲೆ ನಿಧಾನ

ಮೊದಲ ದಪ್ಪ ಸಂಪುಟವನ್ನು ಒಂದು ಭಾನುವಾರ ಕೂತು ಮುಗಿಸಿ. ಅದು ಓಡಿಸಿಕೊಂಡು ಹೋಗುವ ಹಾಗೇ ಇದೆ. ಓಡಿ.

ಎರಡನೆಯದರಿಂದ ವೇಗ ಇಳಿಸಿ. ಒಂದು ಕೂರಿಕೆಗೆ ನಾಲ್ಕೈದು ಅಧ್ಯಾಯ ಸಾಕು. ‘ಮಾನ್‌ಸ್ಟರ್’ ಬಂದದ್ದು ಶೊಗಾಕುಕಾನ್ ಸಂಸ್ಥೆಯ ‘ಬಿಗ್ ಕಾಮಿಕ್ ಒರಿಜಿನಲ್’ ಪತ್ರಿಕೆಯಲ್ಲಿ, ತಿಂಗಳಿಗೆ ಎರಡು ಸಲ, 1994ರಿಂದ 2001ರವರೆಗೆ. ಅದು ದೊಡ್ಡವರು ಓದುವ ಪತ್ರಿಕೆ. ಅಲ್ಲಿನ ಓದುಗರು ಒಂದೊಂದು ಅಧ್ಯಾಯಕ್ಕೂ ಕಾದರು, ಏಳು ವರ್ಷ ಈ ಕತೆಯ ಜೊತೆ ಬದುಕಿದರು. ಆ ಅವಧಿಯ ಬಹುಪಾಲು ಉರಸಾವಾ ಟೆನಿಸ್ ಬಗ್ಗೆ ಇನ್ನೊಂದು ಧಾರಾವಾಹಿಯನ್ನೂ ಬೇರೆ ಪತ್ರಿಕೆಗೆ ಬರೆಯುತ್ತಿದ್ದರು ಅನ್ನುವುದು ನೆನಪಾದಾಗಲೆಲ್ಲ ನನಗೆ ಆಶ್ಚರ್ಯ. ನಾವು ಏಳು ವರ್ಷ ಕಾಯಬೇಕಿಲ್ಲ. ಆದರೆ ಒಂದು ಸಂಪುಟಕ್ಕೆ ಒಂದು ವಾರ ಕೊಡೋಣ. ನಾನು ಮೊದಲ ಸಲ ರಾತ್ರಿಯೆಲ್ಲ ಕೂತು ಓದಿ, ಮುಂದೇನಾಯಿತು ಅನ್ನುವುದಷ್ಟೇ ತಲೆಯಲ್ಲಿ ಉಳಿಸಿಕೊಂಡೆ.

6. ಕೊಲೆಗಾರ ಯಾರು ಅಂತ ಹುಡುಕಬೇಡಿ

ನಾವು ಓದಿ ಬೆಳೆದ ಪತ್ತೇದಾರಿ ಕಾದಂಬರಿಗಳಲ್ಲಿ ಕೊನೆಯ ಪುಟದವರೆಗೆ ಕೊಲೆಗಾರನ ಹೆಸರು ಬಚ್ಚಿಟ್ಟಿರುತ್ತಾರೆ. ಇಲ್ಲಿ ಅದು ಮೊದಲ ಸಂಪುಟದಲ್ಲೇ ಗೊತ್ತಾಗುತ್ತದೆ. ಯಾರು ಅನ್ನುವುದು ಮುಗಿದುಹೋದ ಪ್ರಶ್ನೆ. ಅವನು ಹೀಗಾಗಿದ್ದು ಹೇಗೆ, ಅವನನ್ನು ಬದುಕಿಸಿದವನು ಈಗ ಏನು ಮಾಡಬೇಕು ಅನ್ನುವುದು ಉಳಿದ ಪ್ರಶ್ನೆ. ಎಲ್ಲರ ಪ್ರಾಣವೂ ಒಂದೇ ಅಂತ ನಂಬಿ ಹುಡುಗನನ್ನು ಉಳಿಸಿದ ಡಾಕ್ಟರ್, ಅದೇ ಹುಡುಗನನ್ನು ಕೊಲ್ಲಲು ಹೊರಡಬೇಕೇ? ಹೊರಟರೆ ಅವನ ನಂಬಿಕೆ ಏನಾಗುತ್ತದೆ? ಈ ಒಂದು ಮುಳ್ಳನ್ನು ಉರಸಾವಾ ಕೊನೆಯವರೆಗೂ ಕೀಳುವುದಿಲ್ಲ.

ಹಾಗಾಗಿ ಸುಳಿವು ಹುಡುಕುತ್ತಾ ಚೌಕದಿಂದ ಚೌಕಕ್ಕೆ ಹಾರಬೇಡಿ. ಮುಖಗಳನ್ನು ನೋಡಿ. ಒಂದೇ ಅಧ್ಯಾಯಕ್ಕೆ ಬಂದು ಹೋಗುವ ಮುದುಕನಿಗೂ ಇಲ್ಲಿ ತನ್ನದೇ ಮೂಗು, ತನ್ನದೇ ಗಲ್ಲ, ತನ್ನದೇ ಸುಕ್ಕು. ಒಂದು ಮುಖವನ್ನು ಮೂರು ಚೌಕಗಳಲ್ಲಿ ಮಾತಿಲ್ಲದೆ ಬಿಡಿಸಿದ್ದಾರೆ ಅಂದರೆ ಆ ಮೂರರ ನಡುವೆ ಏನೋ ಬದಲಾಗಿದೆ. ಹುಬ್ಬಿರಬಹುದು, ತುಟಿಯ ತುದಿ ಇರಬಹುದು. ಮಾತಿಲ್ಲದ ಚೌಕವನ್ನು ಮಾತಿರುವ ಚೌಕಕ್ಕಿಂತ ಹೆಚ್ಚು ಹೊತ್ತು ನೋಡುವುದು ಮಾಂಗಾ ಓದುವುದರ ಅರ್ಧ ಪಾಠ. ಯೋಹಾನ್‌ನನ್ನು ನೋಡುವಾಗ ಇದು ಇನ್ನೂ ಮುಖ್ಯ. ಅವನು ಕಿರುಚುವುದಿಲ್ಲ, ಹಲ್ಲು ಕಡಿಯುವುದಿಲ್ಲ. ಸುಮ್ನೆ ನಿಂತಿರುತ್ತಾನೆ, ಮೃದುವಾಗಿ ಮಾತಾಡುತ್ತಾನೆ. ಹೆದರಿಕೆ ಹುಟ್ಟುವುದು ಎದುರಿಗಿರುವವರ ಮುಖದಲ್ಲಿ.

7. ಕವಲು ದಾರಿಗಳನ್ನು ಬಿಟ್ಟು ಓಡಬೇಡಿ

ಹೊಸಬರು ತುಂಬಾ ಜನ ಕೈಬಿಡುವುದು ಇಲ್ಲೇ. ಟೆನ್ಮಾ ಊರೂರು ಅಲೆಯುತ್ತಾನೆ. ಪ್ರತಿ ಊರಲ್ಲೂ ಯಾರೋ ಒಬ್ಬರ ಕತೆ. ತಾನೇ ಕೊಂದ ಹೆಂಗಸಿನ ಮಗಳನ್ನು ಸಾಕುತ್ತಿರುವ ಒಬ್ಬ ಮಾಜಿ ಕೂಲಿ ಸೈನಿಕ. ಹಿಂಸೆಯಿಂದ ತಪ್ಪಿಸಿಕೊಂಡು ಟೆನ್ಮಾನ ಬೆನ್ನು ಹತ್ತುವ ಡೀಟರ್ ಅನ್ನುವ ಪುಟ್ಟ ಹುಡುಗ, ಅವನ ಫುಟ್‌ಬಾಲ್. ಮುಖ್ಯ ಕತೆ ನಿಂತುಹೋಯಿತಲ್ಲ ಅಂತ ಅನ್ನಿಸುತ್ತದೆ. ನಿಂತಿಲ್ಲ. ಇದೇ ಮುಖ್ಯ ಕತೆ. ಒಂದು ಕಡೆ ಮನುಷ್ಯರ ಒಳಗಿನ ಕತ್ತಲನ್ನು ಕೆದಕಿ ತೆಗೆಯುವ ಒಬ್ಬ, ಇನ್ನೊಂದು ಕಡೆ ಹೋದಲ್ಲೆಲ್ಲ ಯಾರನ್ನೋ ಉಳಿಸುತ್ತಾ ಹೋಗುವ ಒಬ್ಬ. ಈ ಸಣ್ಣ ಕತೆಗಳಿಲ್ಲದೆ ಆ ಎರಡನೆಯವನ ತೂಕ ನಮಗೆ ಗೊತ್ತಾಗುವುದೇ ಇಲ್ಲ.

ಇನ್ನೂ ಸ್ವಲ್ಪ ಮುಂದೆ ಹೋದ ಮೇಲೆ ಟೆನ್ಮಾ ಬಹಳ ಹೊತ್ತು ಕಾಣಿಸುವುದೇ ಇಲ್ಲ. ಕತೆ ಮ್ಯೂನಿಕ್ ನಗರಕ್ಕೆ ಹೋಗಿರುತ್ತದೆ. ಕಣ್ಣು ಕಾಣದ ಒಬ್ಬ ಭಾರೀ ಸಿರಿವಂತ, ಅವನಿಗೆ ಪುಸ್ತಕ ಓದಿ ಹೇಳುವ ವಿದ್ಯಾರ್ಥಿಗಳು, ಕುಡಿತ ಬಿಡಲು ಒದ್ದಾಡುತ್ತಿರುವ ಒಬ್ಬ ಮಾಜಿ ಪೊಲೀಸ್, ಅವನ ಮಾತು ಕೇಳುವ ರೈಕ್‌ವೈನ್ ಅನ್ನುವ ವಯಸ್ಸಾದ ಮನೋವೈದ್ಯ. ತಾಳ್ಮೆ ಇರಲಿ. ಇಡೀ ಸರಣಿಯಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. ಆ ಮಾಜಿ ಪೊಲೀಸ್ ತನ್ನ ಮಗಳನ್ನು ಭೇಟಿಯಾಗುವ ಬಗ್ಗೆ ಬರುವ ಮಾತುಗಳನ್ನು ಗಮನವಿಟ್ಟು ಓದಿ, ಬೇರೆ ಏನೂ ಹೇಳುವುದಿಲ್ಲ.

ಅರ್ಧ ದಾರಿಯ ಹೊತ್ತಿಗೆ ಗ್ರಿಮ್ಮರ್ ಬರುತ್ತಾನೆ. ಎತ್ತರದ ಮನುಷ್ಯ, ಸದಾ ನಗುಮುಖ. ಅವನ ನಗುವನ್ನು ನೋಡುತ್ತಾ ಇರಿ.

8. ಭಾರವಾದಾಗ ಮುಚ್ಚಿಡಿ

ಇದನ್ನು ಸ್ಪಷ್ಟವಾಗಿಯೇ ಹೇಳಬೇಕು. ಮಕ್ಕಳ ಮೇಲಿನ ಹಿಂಸೆ, ಆತ್ಮಹತ್ಯೆ, ಕುಡಿತ, ಕೊಲೆ ಎಲ್ಲ ಇದರಲ್ಲಿ ಇವೆ. ರಕ್ತ ಚೆಲ್ಲಾಡುವ ಚಿತ್ರಗಳು ಕಡಿಮೆ, ಆದರೆ ಮನಸ್ಸಿಗೆ ಆಗುವ ಗಾಯ ಆಳ. ಹೈಸ್ಕೂಲ್ ಮಕ್ಕಳ ಕೈಗೆ ನಾನು ಕೊಡುವುದಿಲ್ಲ. ಚಿತ್ರ ಇದೆ ಅಂದ ಮಾತ್ರಕ್ಕೆ ಅದು ಮಕ್ಕಳ ಪುಸ್ತಕ ಅಲ್ಲ, ಮನೆಯಲ್ಲಿ ಎಲ್ಲೆಂದರಲ್ಲಿ ಇಡಬೇಡಿ.

ಕಿಂಡರ್‌ಹೈಮ್ 511 ಅನ್ನುವ ಅನಾಥಾಶ್ರಮದ ಅಧ್ಯಾಯಗಳನ್ನು ರಾತ್ರಿ ಮಲಗುವ ಮುಂಚೆ ಓದಬೇಡಿ. ಮಧ್ಯಾಹ್ನ ಓದಿ, ಓದಿದ ಮೇಲೆ ಯಾರ ಜೊತೆಗಾದರೂ ಮಾತಾಡಿ. ನಿಮ್ಮ ಬದುಕಿನ ಯಾವುದೋ ಹಳೆಯ ನೋವನ್ನು ಪುಸ್ತಕ ಮುಟ್ಟಿತು ಅಂತಾದರೆ ನಿಲ್ಲಿಸಿಬಿಡಿ, ಪುಸ್ತಕ ಎಲ್ಲಿಗೂ ಹೋಗುವುದಿಲ್ಲ. ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು.

9. ಕತೆಯೊಳಗಿನ ಚಿತ್ರಪುಸ್ತಕ

ಐದನೇ ದಪ್ಪ ಸಂಪುಟದಲ್ಲಿ ಮಕ್ಕಳಿಗಾಗಿ ಬರೆದ ಒಂದು ಸಣ್ಣ ಕತೆ ಸಿಗುತ್ತದೆ. ಹೆಸರಿಲ್ಲದ ಒಂದು ರಾಕ್ಷಸ, ಹೆಸರು ಹುಡುಕಿಕೊಂಡು ಹೊರಡುತ್ತದೆ. ಎರಡಾಗಿ ಸೀಳಿಕೊಂಡು ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಹೋಗುತ್ತದೆ. ಚಿತ್ರದ ಶೈಲಿಯೇ ಬೇರೆ, ಯಾರೋ ಬೇರೆಯವರು ಬಿಡಿಸಿದ ಹಾಗೆ. ಅಲ್ಲಿಗೆ ಬಂದಾಗ ಪುಸ್ತಕ ಮಡಿಲಲ್ಲಿಟ್ಟುಕೊಂಡು ಗಟ್ಟಿಯಾಗಿ ಓದಿ, ಮಗುವಿಗೆ ಓದಿ ಹೇಳುವ ಹಾಗೆ. ಪೂರ್ವ, ಪಶ್ಚಿಮ ಅನ್ನುವ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಲ್ಲಿಂದ ಮುಂದೆ ಯಾರಾದರೂ ಯಾರನ್ನಾದರೂ ಹೆಸರು ಹಿಡಿದು ಕರೆದಾಗಲೆಲ್ಲ ನಿಮ್ಮ ಕಿವಿ ನೆಟ್ಟಗಾಗುತ್ತದೆ.

10. ಕೊನೆಯ ಪುಟ

ಮುಗಿಯುವವರೆಗೆ ಇಂಟರ್ನೆಟ್ಟಿನಲ್ಲಿ ಯಾವ ಪಾತ್ರದ ಹೆಸರನ್ನೂ ಹುಡುಕಬೇಡಿ. ಹೆಸರು ಟೈಪ್ ಮಾಡಿದ ಕೂಡಲೇ ಅವನು ಸತ್ತನೋ ಉಳಿದನೋ ಅಂತ ಕಣ್ಣಿಗೆ ಬಿದ್ದುಬಿಡುತ್ತದೆ. ಮರೆತರೆ ನೋಟ್‌ಬುಕ್ ಇದೆಯಲ್ಲ.

ಅನಿಮೆ, ಅಂದರೆ ಜಪಾನಿ ಕಾರ್ಟೂನ್ ರೂಪವೂ ಇದೆ, ಮ್ಯಾಡ್‌ಹೌಸ್ ಸ್ಟುಡಿಯೊ 2004–05ರಲ್ಲಿ ಮಾಡಿದ 74 ಕಂತುಗಳು. ಮೂಲಕ್ಕೆ ತುಂಬಾ ಹತ್ತಿರವಾಗಿದೆ, ಚೆನ್ನಾಗಿಯೂ ಇದೆ. ಆದರೆ ಪುಸ್ತಕ ಮೊದಲು ಓದಿ. ಯೋಹಾನ್‌ಗೆ ಒಂದು ದನಿ ನಿಮ್ಮ ಮನಸ್ಸೇ ಕೊಡಲಿ, ಆಮೇಲೆ ಬೇರೆಯವರ ದನಿ ಕೇಳಿ.

ಕೊನೆಯ ಪುಟ ಒಂದು ಪ್ರಶ್ನೆಯನ್ನು ಹಾಗೇ ಬಿಟ್ಟು ಮುಗಿಯುತ್ತದೆ. ಅದರ ಅರ್ಥ ಹೇಳುವ ವೀಡಿಯೊಗಳು ಬೇಕಾದಷ್ಟಿವೆ. ಒಂದು ವಾರ ಅವನ್ನು ನೋಡಬೇಡಿ. ಆ ವಾರದಲ್ಲಿ ಮೊದಲ ಸಂಪುಟ ಮತ್ತೆ ತೆಗೆದು, ಆ ಟರ್ಕಿ ಹೆಂಗಸಿನ ಪುಟಕ್ಕೆ ಹೋಗಿ. ಈ ಸಲ ಅವಳನ್ನು ಬಿಟ್ಟು, ಪಕ್ಕದಲ್ಲಿರುವ ಮಗುವಿನ ಮುಖ ನೋಡಿ.